ಜೆಫರ್ಸನ್ ಅವರ ಖರ್ಚಿನ ಪುಸ್ತಕ

ಕೇಳುಗರಿಗೆಲ್ಲ ನಮಸ್ಕಾರ.

1776ರ ಜುಲೈ 4. ಊರು ಫಿಲಡೆಲ್ಫಿಯಾ. ಇನ್ನು ಬ್ರಿಟನ್ನಿನ ರಾಜನ ಸಹವಾಸ ಸಾಕು ಅಂತ ಅಮೆರಿಕದ ವಸಾಹತುಗಳ ಪ್ರತಿನಿಧಿಗಳು ಸ್ವಾತಂತ್ರ್ಯದ ಘೋಷಣೆಗೆ ಒಪ್ಪಿಗೆ ಕೊಟ್ಟ ದಿನ. ಅದನ್ನು ಬರೆದವರು ಥಾಮಸ್ ಜೆಫರ್ಸನ್. ಆಗ ಅವರ ವಯಸ್ಸು 33. ಆ ದಿನ ಅವರು ತಮ್ಮ ಖರ್ಚಿನ ಪುಸ್ತಕದಲ್ಲಿ ಏನು ಬರೆದುಕೊಂಡಿದ್ದಾರೆ ಗೊತ್ತಾ? ಒಂದು ಥರ್ಮಾಮೀಟರ್ ಕೊಂಡದ್ದು. ಹೆಂಗಸರ ಕೈಗವಸು, 7 ಜೊತೆ. ದಾನಕ್ಕೆ ಒಂದೂವರೆ ಶಿಲಿಂಗ್.

ಈ ಪುಸ್ತಕ ಅಂದ್ರೆ ನನಗೆ ತುಂಬಾ ಇಷ್ಟ. 1767ರಿಂದ 1826ರವರೆಗೆ, ಹೆಚ್ಚುಕಡಿಮೆ ಅರವತ್ತು ವರ್ಷ, ಜೆಫರ್ಸನ್ ಲೆಕ್ಕ ಬರೆಯುವುದನ್ನು ಬಿಡಲಿಲ್ಲ.

ನಾನು ಇತಿಹಾಸ ಪಾಠ ಮಾಡುವವಳು. ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೈ ಎತ್ತಿ ಕೇಳುತ್ತಾರೆ: "ಮೇಡಂ, ಜೆಫರ್ಸನ್ ಒಳ್ಳೆಯವರಾ, ಕೆಟ್ಟವರಾ?" ಪ್ರಶ್ನೆ ಕೇಳಿದವರ ಮೇಲೆ ನನಗೆ ಕೋಪ ಇಲ್ಲ. ಆದರೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ, ನಿಜ ಹೇಳ್ತೀನಿ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ನಾವು ಓದುವುದನ್ನು ನಿಲ್ಲಿಸಿಬಿಡುತ್ತೇವೆ. ಒಳ್ಳೆಯವರು ಅಂದ್ರೆ ಹಾರ ಹಾಕುತ್ತೇವೆ, ಕೆಟ್ಟವರು ಅಂದ್ರೆ ಬೈದು ಎದ್ದು ಹೋಗುತ್ತೇವೆ. ಎರಡರಲ್ಲೂ ಮನುಷ್ಯ ಅರ್ಥವಾಗುವುದಿಲ್ಲ. ಅದಕ್ಕೇ ಇವತ್ತು ನಿಮ್ಮ ಹತ್ತಿರ ಒಂದೇ ಮಾತು ಹೇಳಲು ಬಂದಿದ್ದೇನೆ. ಅವರ ಘೋಷಣೆ ಓದಿದಷ್ಟೇ ಶ್ರದ್ಧೆಯಿಂದ ಅವರ ಲೆಕ್ಕದ ಪುಸ್ತಕವನ್ನೂ ಓದಿ.

ಘೋಷಣೆ ಏನು ಹೇಳುತ್ತದೆ? ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ. ಬದುಕು, ಸ್ವಾತಂತ್ರ್ಯ, ಸುಖದ ಹುಡುಕಾಟ ಎಲ್ಲರ ಹಕ್ಕು. ಲೆಕ್ಕ ಏನು ಹೇಳುತ್ತದೆ? ಇದೇ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಜಾಸ್ತಿ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ವರ್ಜೀನಿಯಾದಲ್ಲಿ ಮಾಂಟಿಸೆಲ್ಲೊ ಎಂಬ ಗುಡ್ಡದ ಮೇಲೆ ಅವರ ಮನೆ. ಸುತ್ತ ಅವರ ಜಮೀನು. ಆ ಜಮೀನಿಗೆ ಬೇರೆಯೇ ಒಂದು ಪುಸ್ತಕ ಇಟ್ಟಿದ್ದರು. ಅದರಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ, ಎಲ್ಲ ಸಾಲುಸಾಲಾಗಿ ಅವರದೇ ಕೈಬರಹದಲ್ಲಿದೆ.

ಮತ್ತೆ 1776ರ ಫಿಲಡೆಲ್ಫಿಯಾಕ್ಕೆ, ಜೆಫರ್ಸನ್ ಇದ್ದ ಬಾಡಿಗೆ ಕೋಣೆಗೆ ಹೋಗೋಣ. ಘೋಷಣೆ ಬರೆಯುವಾಗ ಜೆಫರ್ಸನ್ ಜೊತೆ 14 ವರ್ಷದ ಒಬ್ಬ ಹುಡುಗ ಇದ್ದ. ರಾಬರ್ಟ್ ಹೆಮಿಂಗ್ಸ್. ಜೆಫರ್ಸನ್ ಅವರ ಸೇವೆಗೆಂದು ಬಂದ ಗುಲಾಮ. ಈ ಹುಡುಗ ಯಾರು? ಜೆಫರ್ಸನ್ ಅವರ ಮಾವ ಜಾನ್ ವೇಲ್ಸ್ ತಮ್ಮ ಗುಲಾಮಳೊಬ್ಬಳಿಂದ ಪಡೆದ ಮಗ. ಅಂದ್ರೆ ಹೆಂಡತಿಯ ತಮ್ಮ. ನಮ್ಮ ಮಾತಲ್ಲಿ ಹೇಳಬೇಕಾದರೆ ಭಾಮೈದ. ಸಮಾನತೆಯ ಸಾಲು ಬರೆದವರಿಗೆ ಬೇಕುಬೇಡ ನೋಡಿಕೊಂಡವನು ಅವರ ಭಾಮೈದನೇ.

ರಾಬರ್ಟನ ತಮ್ಮ ಜೇಮ್ಸ್ ಹೆಮಿಂಗ್ಸ್. ಇವರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಮಾತು, ಜೆಫರ್ಸನ್ ಅವರಿಗೂ ಜೇಮ್ಸ್ ಅವರಿಗೂ ನಾನು ಬಹುವಚನವನ್ನೇ ಬಳಸುತ್ತೇನೆ. ಒಬ್ಬರನ್ನು ಅವರು, ಇನ್ನೊಬ್ಬರನ್ನು ಅವನು ಅಂದರೆ ನಾನೂ ಆ ಹಳೇ ಲೆಕ್ಕವನ್ನೇ ಮುಂದುವರಿಸಿದ ಹಾಗಾಗುತ್ತದೆ.

1784ರಲ್ಲಿ ಜೆಫರ್ಸನ್ ರಾಜತಾಂತ್ರಿಕರಾಗಿ ಪ್ಯಾರಿಸ್ಸಿಗೆ ಹೊರಟರು. ಫ್ರೆಂಚ್ ಊಟ ಅಂದ್ರೆ ಅವರಿಗೆ ಪ್ರಾಣ. ಅದನ್ನು ಕಲಿತು ಬರಲಿ ಅಂತ 19 ವರ್ಷದ ಜೇಮ್ಸ್ ಅವರನ್ನು ಜೊತೆಗೆ ಕರೆದುಕೊಂಡು ಹೋದರು. ಜೇಮ್ಸ್ ಕಲಿತರು, ಚೆನ್ನಾಗಿಯೇ ಕಲಿತರು. ಜೆಫರ್ಸನ್ ಮನೆಯ ಮುಖ್ಯ ಅಡುಗೆಯವರಾದರು. ಆಗಿನ ಫ್ರೆಂಚ್ ನಾಣ್ಯದ ಲೆಕ್ಕದಲ್ಲಿ ತಿಂಗಳಿಗೆ 24 ಲಿವ್ರ್ ಸಂಬಳ ಬರುತ್ತಿತ್ತು. ಆ ದುಡ್ಡಿನಲ್ಲೇ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ಫ್ರೆಂಚ್ ಭಾಷೆಯ ಪಾಠ ಹೇಳಿಸಿಕೊಂಡರು.

ಇಲ್ಲಿ ಗಮನವಿಟ್ಟು ಕೇಳಿ. ಫ್ರಾನ್ಸಿನಲ್ಲಿ ಗುಲಾಮರು ಕೋರ್ಟಿಗೆ ಹೋಗಿ ಬಿಡುಗಡೆ ಕೇಳಬಹುದಿತ್ತು. ಇದು ಜೆಫರ್ಸನ್ ಅವರಿಗೆ ಚೆನ್ನಾಗಿ ಗೊತ್ತಿತ್ತು. 1786ರಲ್ಲಿ, ಗುಲಾಮ ಹುಡುಗನೊಬ್ಬನನ್ನು ಫ್ರಾನ್ಸಿಗೆ ಕರೆತಂದಿದ್ದ ಇನ್ನೊಬ್ಬ ಅಮೆರಿಕನ್ ಇದೇ ವಿಷಯ ಕೇಳಿದಾಗ ಅವರು ಉತ್ತರ ಬರೆದರು. ಕೇಳಿದರೆ ಇಲ್ಲಿನ ಕಾನೂನು ಹುಡುಗನನ್ನು ಬಿಡಿಸುತ್ತದೆ, ಆದರೆ ಸುದ್ದಿ ಎತ್ತದೆ ಸುಮ್ಮನಿದ್ದ ಮಾಲೀಕರೊಬ್ಬರಿಗೆ ಏನೂ ತೊಂದರೆಯಾಗಿಲ್ಲ, ಹುಡುಗನಿಗೂ ಅದು ಹೊಳೆಯುವ ವಯಸ್ಸಲ್ಲ ಎಂಬ ಅರ್ಥದ ಪತ್ರ ಅದು. ಸ್ವಾತಂತ್ರ್ಯದ ಘೋಷಣೆ ಬರೆದು ಹತ್ತು ವರ್ಷ ಆಗಿತ್ತು, ಅಷ್ಟೇ.

1789ರಲ್ಲಿ ಪ್ಯಾರಿಸ್ಸಿನ ಬೀದಿಬೀದಿಯಲ್ಲಿ ಕ್ರಾಂತಿ. ಅದೇ ವರ್ಷ ಜೇಮ್ಸ್ ಜೆಫರ್ಸನ್ ಜೊತೆ ಅಮೆರಿಕಕ್ಕೆ ಮರಳಿದರು. 1793ರಲ್ಲಿ ಜೆಫರ್ಸನ್ ಒಂದು ಕರಾರುಪತ್ರ ಬರೆದುಕೊಟ್ಟರು. ಅದರ ಸಾರ ಇಷ್ಟು: ಜೇಮ್ಸ್‌ಗೆ ಅಡುಗೆ ಕಲಿಸಲು ನನಗೆ ತುಂಬಾ ಖರ್ಚಾಗಿದೆ, ಆತನಿಗೆ ಉಪಕಾರ ಮಾಡುವ ಮನಸ್ಸಿದೆ, ಪ್ರತಿಯಾಗಿ ಆದಷ್ಟು ಕಡಿಮೆ ಕೇಳುತ್ತೇನೆ. ಆತ ಮಾಂಟಿಸೆಲ್ಲೊಗೆ ಬಂದು ಇನ್ನೊಬ್ಬರಿಗೆ ಅಡುಗೆ ಕಲಿಸಿದ ಮೇಲೆ ಬಿಡುಗಡೆ.

ಆ ಇನ್ನೊಬ್ಬರು ಯಾರು? ಜೇಮ್ಸ್ ಅವರ ತಮ್ಮ ಪೀಟರ್. ತಮ್ಮನನ್ನು ಅದೇ ಒಲೆಯ ಮುಂದೆ ನಿಲ್ಲಿಸಿ ಅಣ್ಣ ಹೊರಗೆ ಬರಬೇಕು. ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. 1796ರ ಫೆಬ್ರವರಿಯಲ್ಲಿ ಜೇಮ್ಸ್ ಸ್ವತಂತ್ರರಾದರು. ಹೊರಡುವ ಮುಂಚೆ ಅಡುಗೆಮನೆಯ ಪಾತ್ರೆಗಳ ಪಟ್ಟಿ ಬರೆದಿಟ್ಟರು. ಆ ಹಾಳೆ ಇವತ್ತಿಗೂ ಉಳಿದಿದೆ. ತಾಮ್ರದ ಪಾತ್ರೆ 19. ಅವುಗಳ ಮುಚ್ಚಳ 19. ಹೀಗೆ ಕೆಳಗಿನವರೆಗೆ, ನೀಟಾದ ಅಕ್ಷರದಲ್ಲಿ. ಜೆಫರ್ಸನ್ ಬರೆದ ಸಾವಿರಾರು ಪತ್ರಗಳ ನಡುವೆ ನನಗೆ ಮತ್ತೆ ಮತ್ತೆ ನೋಡಬೇಕು ಅನಿಸುವುದು ಜೇಮ್ಸ್ ಬರೆದ ಈ ಒಂದು ಹಾಳೆ. ಒಂದು ಮುಚ್ಚಳವೂ ಹೆಚ್ಚುಕಡಿಮೆ ಆಗದ ಹಾಗೆ ಲೆಕ್ಕ ಒಪ್ಪಿಸಿ ಹೋಗಿದ್ದಾರೆ. 1801ರಲ್ಲಿ ಜೆಫರ್ಸನ್ ಅಧ್ಯಕ್ಷರಾದಾಗ ಅಡುಗೆಯ ಹೊಣೆ ಹೊರಲು ಜೇಮ್ಸ್ ಅವರಿಗೆ ಹೇಳಿಕಳಿಸಿದರು. ಜೇಮ್ಸ್ ಹೋಗಲಿಲ್ಲ. ಅದೇ ವರ್ಷ ಬಾಲ್ಟಿಮೋರಿನಲ್ಲಿ ತೀರಿಕೊಂಡರು.

ಗಡಿಯಾರ ನೋಡಿದರೆ ಸಮಯ ಓಡಿಹೋಗಿದೆ. ಉಳಿದದ್ದನ್ನು ಬೇಗಬೇಗ ಹೇಳಿಬಿಡುತ್ತೇನೆ.

ಜೆಫರ್ಸನ್ ಅವರಿಗೆ ತಪ್ಪು ಗೊತ್ತಿರಲಿಲ್ಲ, ಕಾಲವೇ ಹಾಗಿತ್ತು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಗೊತ್ತಿತ್ತು. ದೇವರು ನ್ಯಾಯವಂತ ಅನ್ನುವುದು ನೆನಪಾದರೆ ನನ್ನ ದೇಶದ ಗತಿ ಏನೋ ಎಂದು ನಡುಗುತ್ತೇನೆ ಅಂತ ವರ್ಜೀನಿಯಾದ ಬಗ್ಗೆ ಬರೆದ ತಮ್ಮ ಪುಸ್ತಕದಲ್ಲಿ ಹೇಳಿದವರು ಅವರೇ. ಅದೇ ಪುಸ್ತಕದಲ್ಲಿ ಕಪ್ಪು ಜನ ಬುದ್ಧಿಯಲ್ಲಿ ಕಡಿಮೆ ಅಂತ ಬರೆದವರೂ ಅವರೇ. ಪಶ್ಚಿಮದ ಹೊಸ ಪ್ರಾಂತ್ಯಗಳಲ್ಲಿ 1800ರ ನಂತರ ಗುಲಾಮಗಿರಿ ಇರಬಾರದು ಅಂತ 1784ರಲ್ಲಿ ಕರಡು ತಂದರು. ಆ ಮಾತು ಒಂದೇ ಮತದ ಅಂತರದಲ್ಲಿ ಬಿದ್ದುಹೋಯಿತು. ಅಧ್ಯಕ್ಷರಾಗಿ 1807ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದರು. 1820ರಲ್ಲಿ, ಎರಡು ವರ್ಷಕ್ಕೊಂದು ಮಗು ಹೆರುವ ಗುಲಾಮ ಹೆಂಗಸು ಹೊಲದ ಅತ್ಯುತ್ತಮ ಆಳಿಗಿಂತ ಲಾಭ ಅಂತ ಬರೆದರು. ಜೇಮ್ಸ್ ಅವರ ತಂಗಿ ಸ್ಯಾಲಿ ಜೆಫರ್ಸನ್ ಅವರ ಮಕ್ಕಳನ್ನು ಹೆತ್ತರು. ಅದೇ ಒಂದು ಗಂಟೆಯ ಮಾತು, ಇವತ್ತು ಆಗುವುದಿಲ್ಲ.

ಬರೇ ಘೋಷಣೆ ಓದಿದರೆ ಇದು ಯಾವುದೂ ಕಾಣುವುದಿಲ್ಲ. ಲೆಕ್ಕ ಓದಿ. ಪುಸ್ತಕ, ದ್ರಾಕ್ಷಾರಸ, ಒಡೆದು ಕಟ್ಟಿ ಮತ್ತೆ ಒಡೆದ ಮನೆ, ಎಲ್ಲಕ್ಕೂ ಸಾಲ. ಗುಲಾಮರೇ ಅವರ ಬಹುದೊಡ್ಡ ಆಸ್ತಿ. ಅವರನ್ನು ಬಿಡುಗಡೆ ಮಾಡಿದರೆ ಸಾಲ ಕೊಟ್ಟವರ ಮುಂದೆ ನಿಲ್ಲಲು ಏನು ಉಳಿಯುತ್ತಿತ್ತು?

1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡರು. ಘೋಷಣೆಗೆ ಸರಿಯಾಗಿ 50 ವರ್ಷ. ಸಾಲ ಒಂದು ಲಕ್ಷ ಡಾಲರ್ ಮೀರಿತ್ತು. ಉಯಿಲಿನಲ್ಲಿ ಐದು ಜನರಿಗೆ ಬಿಡುಗಡೆ ಬರೆದಿದ್ದರು. ಅವರಲ್ಲಿ ಒಬ್ಬರು ಕಮ್ಮಾರ ಜೋಸೆಫ್ ಫಾಸೆಟ್. ಅವರ ಹೆಂಡತಿ ಈಡಿತ್ ಅವರ ಹೆಸರಾಗಲಿ ಮಕ್ಕಳ ಹೆಸರಾಗಲಿ ಅದರಲ್ಲಿ ಇರಲಿಲ್ಲ. 1827ರ ಜನವರಿಯಲ್ಲಿ ಮಾಂಟಿಸೆಲ್ಲೊದಲ್ಲಿ ಹರಾಜು ನಡೆಯಿತು. 130 ಜನರನ್ನು ಮಾರಾಟಕ್ಕಿಟ್ಟರು. ಈಡಿತ್ ಮತ್ತು ಮಕ್ಕಳೂ ಅದರಲ್ಲಿದ್ದರು. ಆಮೇಲೆ ಸ್ವತಂತ್ರರಾದ ಜೋಸೆಫ್ ತಮ್ಮ ಕುಟುಂಬವನ್ನು ಬಿಡಿಸಿಕೊಳ್ಳಲು ನಿಂತರು. 1837ರ ಹೊತ್ತಿಗೆ ಹೆಂಡತಿ, ಐದು ಮಕ್ಕಳು, ನಾಲ್ಕು ಮೊಮ್ಮಕ್ಕಳು ಕಾಗದದ ಮೇಲೆ ಅವರ ಸ್ವತ್ತಾದರು. ಆ ವರ್ಷ ಅವರೆಲ್ಲರಿಗೂ ಬಿಡುಗಡೆಯ ಪತ್ರ ಬರೆದುಕೊಟ್ಟವರು ಜೋಸೆಫ್.

ನಮಸ್ಕಾರ.