ರಾಹುಕಾಲ ಯಾವ ಊರಿನದು?

ಕೇಳುಗರಿಗೆ ನಮಸ್ಕಾರ. ಪಂಚಾಂಗದ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಅಂಗಕ್ಕೊಂದು ನಿಮಿಷ! ಆಗದ ಮಾತು. ಅದಕ್ಕೆ ಒಂದೇ ವಿಷಯ ಹೇಳುತ್ತೇನೆ. ಮೊದಲು ನಿಮ್ಮ ಊರಿನ ಸೂರ್ಯೋದಯ ನೋಡಿ. ಗಡಿಯಾರ ಆಮೇಲೆ.

ಬುಧವಾರ ರಾಹುಕಾಲ ಎಷ್ಟು ಹೊತ್ತಿಗೆ? ಹನ್ನೆರಡರಿಂದ ಒಂದೂವರೆ ಅಂತೀರಿ. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ ಅದು. ಹಗಲನ್ನು ಎಂಟು ಪಾಲು ಮಾಡಿದರೆ ಬುಧವಾರಕ್ಕೆ ಐದನೆಯದು, ಅಂದರೆ ಸೂರ್ಯ ನೆತ್ತಿಗೆ ಬಂದಾಗ ಶುರು. ಬೆಂಗಳೂರಲ್ಲಿ ಒಂದೇ ದಿನ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದ ಸೂರ್ಯನನ್ನು ಯಾರಾದರೂ ನೋಡಿದ್ದೀರಾ?

ನನ್ನ ಭಾವಮೈದುನ ಕೆಂಗೇರಿ ಕಡೆ ಬಾಡಿಗೆ ಮನೆ ಹಿಡಿದ. ಫೆಬ್ರವರಿ ಮಧ್ಯ, ಬುಧವಾರ. ಬೆಳಿಗ್ಗೆಯೇ ಹಾಲುಕ್ಕಿಸಬೇಕಿತ್ತು. ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಗೇಟಿನ ಮುಂದೆ ಇಳಿದಾಗ ಹನ್ನೆರಡೂ ಹತ್ತು. "ಅಯ್ಯೋ, ರಾಹುಕಾಲ ಬಂದುಬಿಡ್ತು, ಯಾರೂ ಒಳಗೆ ಹೋಗ್ಬೇಡಿ" ಅಂದ. ನಾನು ಹೇಳಿದೆ, ಇವತ್ತು ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುವುದೇ ಹನ್ನೆರಡೂ ಮೂವತ್ನಾಲ್ಕಕ್ಕೆ, ಇನ್ನೂ ಹೊತ್ತಿದೆ, ನಡಿ ಅಂತ. "ಭಾವ, ನೀವು ಸುಮ್ನಿರಿ. ಕ್ಯಾಲೆಂಡರ್‌ನಲ್ಲೇ ಇದೆ" ಅಂದ. ಸರಿ, ಸುಮ್ಮನಾದೆ. ದೇವರ ಪಟ ಹಿಡಿದುಕೊಂಡು ನಮ್ಮತ್ತೆ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅವನ ಹೆಂಡತಿ, ಎಲ್ಲರೂ ಬಿಸಿಲಲ್ಲಿ. ಒಂದೂವರೆಗೆ ಸರಿಯಾಗಿ ಬಲಗಾಲಿಟ್ಟರು. ನಿಜವಾದ ರಾಹುಕಾಲ ಅವತ್ತು ಎರಡು ಗಂಟೆಯವರೆಗೂ ಇತ್ತು! ಒಳ್ಳೆ ಹೊತ್ತೆಲ್ಲ ಬೀದಿಯಲ್ಲಿ ಕಳೆದು, ಹುಡುಕಿಕೊಂಡು ಹೋದ ಹಾಗೆ ಅದರ ನಡುವೆಯೇ ಒಳಗೆ ಹೋದರು. ಒಲೆ ಮೇಲಿಟ್ಟ ಹಾಲು ಒಡೆಯಿತು. ಅದು ರಾಹು ಕೆಲಸ ಅಲ್ಲ, ಬಿಸಿಲಿನದು.

ರಾಹುಕಾಲ ನೋಡುವುದು ಬಿಡುವುದು ನಿಮಗೆ ಬಿಟ್ಟಿದ್ದು. ನೋಡುವುದಾದರೆ ನೆಟ್ಟಗೆ ನೋಡಿ, ಅಲ್ವಾ?

ನಮ್ಮ ಗಡಿಯಾರ ನಮ್ಮೂರಿನದಲ್ಲ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ 4 ನಿಮಿಷ, ಒಟ್ಟು ಸರಾಸರಿ 20 ನಿಮಿಷ ತಡ. ವರ್ಷದಲ್ಲಿ ಇದು ಹೆಚ್ಚು ಕಡಿಮೆ ಆಗುತ್ತದೆ, ಫೆಬ್ರವರಿ ಮಧ್ಯಕ್ಕೆ 34. ಮಂಗಳೂರಿಗೆ ಇನ್ನೂ ಜಾಸ್ತಿ. ಒಂದೂವರೆ ಗಂಟೆ ಅನ್ನುವುದೂ ಸುಮ್ನೆ ಬಾಯಿಲೆಕ್ಕ. ಜೂನ್ ಕೊನೆಗೆ ಆ ಪಾಲು ಸುಮಾರು 97 ನಿಮಿಷ, ಡಿಸೆಂಬರ್ ಕೊನೆಗೆ 85.

ತಿಥಿಯ ಮಾತು ಬೇಗ ಮುಗಿಸುತ್ತೇನೆ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಚಂದ್ರನ ಓಟ ಒಂದೇ ಸಮ ಇಲ್ಲ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ದಿನಕ್ಕೆ ಅದೇ ಹೆಸರು. ನೋಡಿ, ಮತ್ತೆ ಸೂರ್ಯೋದಯಕ್ಕೇ ಬಂದೆವು. ಅಮೆರಿಕದಿಂದ ಮಗಳು ಫೋನ್ ಮಾಡಿ "ಅಮ್ಮಾ, ಏಕಾದಶಿ ಇವತ್ತಾ ನಾಳೆನಾ?" ಅಂದರೆ, ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಬೇಡಿ. ಅಲ್ಲಿ ಸೂರ್ಯ ಹುಟ್ಟುವಷ್ಟರಲ್ಲಿ ತಿಥಿ ಬದಲಾಗಿರಬಹುದು.

ಯೋಗ, ಕರಣ ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಹೊಸ ಪಂಚಾಂಗ ಕೊಳ್ಳುವಾಗ ರಾಶಿಫಲಕ್ಕೆ ಹಾರಬೇಡಿ. ಯಾವ ಊರಿನ ಸೂರ್ಯೋದಯಕ್ಕೆ ಗುಣಿಸಿದ್ದು ಅಂತ ಮೊದಲ ಪುಟಗಳಲ್ಲಿ ಹುಡುಕಿ. ಕಾಣದಿದ್ದರೆ ಅಂಗಡಿಯವರನ್ನೇ ಕೇಳಿ. ನಮಸ್ಕಾರ.