ಆ ಬಾಂಬ್ ಎಸೆದವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ನಾಳೆ ಮೇ 1, ಕಾರ್ಮಿಕರ ದಿನ. ನಿಮ್ಮಲ್ಲಿ ಕೆಲವರಿಗೆ ರಜೆ ಇರುತ್ತದೆ, ಕೆಲವರಿಗೆ ಎಂದಿನ ಪಾಳಿ. ಈ ದಿನದ ಬೇರು ಅಮೆರಿಕದ ಷಿಕಾಗೋದಲ್ಲಿದೆ ಅಂತ ಬಹಳ ಜನ ಕೇಳಿರುತ್ತೀರಿ. ಅಲ್ಲಿನ ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಬಾಂಬ್ ಸಿಡಿದದ್ದನ್ನೂ ಕೇಳಿರುತ್ತೀರಿ. ಎಸೆದವರು ಯಾರು ಅಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದೂ ಕಣ್ಣಾರೆ ಕಂಡವರ ಹಾಗೆ! ನಾನು ಇವತ್ತು ಹೇಳಬೇಕಾದ್ದು ಒಂದೇ ಮಾತು. ಆ ಬಾಂಬ್ ಎಸೆದವರು ಯಾರು ಅಂತ ಗೊತ್ತಿಲ್ಲ. 1886ರಲ್ಲೂ ಸಾಬೀತಾಗಲಿಲ್ಲ, ಇವತ್ತಿಗೂ ಆಗಿಲ್ಲ.

ನಡೆದದ್ದು ಇಷ್ಟು. ಆಗ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, 12 ಗಂಟೆ ದುಡಿಮೆ. 8 ಗಂಟೆ ಸಾಕು ಅಂತ 1886ರ ಮೇ 1ರಂದು ಅಮೆರಿಕದ ಉದ್ದಗಲಕ್ಕೂ ಮುಷ್ಕರ ಶುರುವಾಯಿತು. ಮೇ 3ರಂದು ಷಿಕಾಗೋದ ಮ್ಯಾಕ್‌ಕಾರ್ಮಿಕ್ ಕೊಯ್ಲು ಯಂತ್ರದ ಕಾರ್ಖಾನೆಯ ಬಳಿ ಗಲಾಟೆಯಾಗಿ ಪೊಲೀಸರು ಗುಂಡು ಹಾರಿಸಿದರು. ಕಾರ್ಮಿಕರು ಸತ್ತರು. ಅದನ್ನು ಖಂಡಿಸಲು ಮರುದಿನ ಸಂಜೆ ಹೇಮಾರ್ಕೆಟ್‌ನಲ್ಲಿ ಸಭೆ ಸೇರಿತು.

ಆ ಸಭೆಗೆ ಊರಿನ ಮೇಯರ್ ಕಾರ್ಟರ್ ಹ್ಯಾರಿಸನ್ ತಾವೇ ಬಂದಿದ್ದರು. ಇವರ ವಿಷಯ ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಗಲಾಟೆ ಆದೀತು ಅನ್ನುವ ಆತಂಕ ಅವರಿಗಿತ್ತು. ಹಾಗಂತ ಕಚೇರಿಯಲ್ಲಿ ಕೂತು ವರದಿಗೆ ಕಾಯಲಿಲ್ಲ. ಜನರ ನಡುವೆ ಬಂದು ನಿಂತರು. ಕತ್ತಲಲ್ಲಿ ಸುಮ್ನೆ ನಿಂತಿದ್ದರೆ ಯಾರಿಗೆ ಕಾಣಬೇಕು? ಅದಕ್ಕೇ ಬೆಂಕಿಕಡ್ಡಿ ಗೀರಿ ಗೀರಿ ಚುಟ್ಟಾ ಹಚ್ಚುತ್ತಿದ್ದರು. ಆ ಬೆಳಕಿನಲ್ಲಿ ತಮ್ಮ ಮುಖ ಕಾಣಲಿ, ಮೇಯರ್ ಇಲ್ಲೇ ಇದ್ದಾರೆ ಅಂತ ಜನಕ್ಕೆ ತಿಳಿಯಲಿ ಅನ್ನುವುದು ಅವರ ಲೆಕ್ಕ. ಗಾಡಿಯೊಂದರ ಮೇಲೆ ನಿಂತು ಆಗಸ್ಟ್ ಸ್ಪೀಸ್ ಮಾತಾಡಿದರು, ಆಲ್ಬರ್ಟ್ ಪಾರ್ಸನ್ಸ್ ಮಾತಾಡಿದರು. ಮೇಯರ್ ಕೇಳಿಸಿಕೊಂಡರು. ಆಮೇಲೆ ಹತ್ತಿರದಲ್ಲೇ ಇದ್ದ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಇನ್ಸ್‌ಪೆಕ್ಟರ್ ಜಾನ್ ಬಾನ್‌ಫೀಲ್ಡ್ ದೊಡ್ಡ ಪಡೆ ಇಟ್ಟುಕೊಂಡು ಕಾಯುತ್ತಿದ್ದರು. ಇನ್ನೇನೂ ಆಗುವ ಹಾಗೆ ಕಾಣುವುದಿಲ್ಲ, ಬೇರೆ ಠಾಣೆಗಳಲ್ಲಿ ತಡೆದಿಟ್ಟ ಪೊಲೀಸರನ್ನು ಮನೆಗೆ ಕಳಿಸಬಹುದು ಅಂತ ಬಾನ್‌ಫೀಲ್ಡ್‌ಗೆ ತಿಳಿಸಿ ಮೇಯರ್ ಮನೆ ದಾರಿ ಹಿಡಿದರು. ಮಳೆಯ ಮೋಡ ಕವಿದಿತ್ತು. ಜನರೂ ಕರಗಿ ಕೆಲವು ನೂರು ಮಂದಿ ಉಳಿದಿದ್ದರು. ಕೊನೆಯ ಭಾಷಣಕಾರ ಸ್ಯಾಮುಯೆಲ್ ಫೀಲ್ಡನ್ ಇನ್ನೇನು ಮಾತು ಮುಗಿಸಬೇಕು, ಅಷ್ಟರಲ್ಲಿ ಸುಮಾರು 180 ಪೊಲೀಸರು ಸಾಲುಗಟ್ಟಿ ಬಂದು ಚದುರಿ ಅಂದರು. ನಾವು ಶಾಂತವಾಗಿದ್ದೇವೆ ಅಂದರು ಫೀಲ್ಡನ್. ಆಗಲೇ ಬಾಂಬ್ ಬಿತ್ತು. ಪೊಲೀಸರು ಕತ್ತಲಲ್ಲೇ ಗುಂಡು ಹಾರಿಸಿದರು. ಕೆಲವು ಗುಂಡು ಅವರವರಿಗೇ ತಗುಲಿತು. 7 ಪೊಲೀಸರು ಸತ್ತರು, ಜನರ ಪೈಕಿ ಕನಿಷ್ಠ 4 ಮಂದಿ ಸತ್ತರು. ಗಾಯಗೊಂಡ ಎಷ್ಟೋ ಜನ ಬಂಧನದ ಭಯಕ್ಕೆ ಮನೆಯಲ್ಲೇ ಅಡಗಿದರು. ಹಾಗಾಗಿ ಗಾಯಾಳುಗಳ ಪೂರ್ತಿ ಲೆಕ್ಕವೇ ಸಿಗಲಿಲ್ಲ.

ನನಗೆ ಈ ಮೇಯರ್ ಯಾಕೆ ಮುಖ್ಯ ಗೊತ್ತೇ? ತಾವು ನೋಡಿದ್ದನ್ನು ಅವರು ಕೋರ್ಟಿನಲ್ಲೂ ಹಾಗೆಯೇ ಹೇಳಿದರು. ಊರಿಗೆ ಊರೇ ಸಿಟ್ಟಿನಲ್ಲಿ ಕುದಿಯುತ್ತಿದ್ದಾಗ, ಆರೋಪಿಗಳ ಪರವಾಗಿ ಸಾಕ್ಷಿಕಟ್ಟೆ ಹತ್ತಿ ಸಭೆ ಶಾಂತವಾಗಿತ್ತು ಅಂದರು. ಬಾಂಬ್ ಸಿಡಿದಾಗ ತಾವು ಮನೆಯಲ್ಲಿದ್ದದ್ದನ್ನೂ ಮುಚ್ಚಿಡಲಿಲ್ಲ. ಕಂಡಷ್ಟು ಹೇಳಿದರು, ಕಾಣದ್ದನ್ನು ಸೇರಿಸಲಿಲ್ಲ.

ಉಳಿದವರು ಹೀಗೆ ಮಾಡಲಿಲ್ಲ. 8 ಜನರ ಮೇಲೆ ಮೊಕದ್ದಮೆ ನಡೆಯಿತು. ಬಾಂಬ್ ಸಿಡಿದಾಗ ಅವರಲ್ಲಿ ಸ್ಥಳದಲ್ಲಿದ್ದವರು ಇಬ್ಬರೇ. ಎಸೆದದ್ದು ಇವರಲ್ಲಿ ಇಂಥವರೇ ಅಂತ ಸಾಬೀತಾಗಲಿಲ್ಲ. ಆದರೂ 7 ಜನರಿಗೆ ಗಲ್ಲು ವಿಧಿಸಿದರು. 1887ರ ನವೆಂಬರ್ 11ರಂದು ಸ್ಪೀಸ್, ಪಾರ್ಸನ್ಸ್, ಫಿಷರ್, ಎಂಗೆಲ್ ನಾಲ್ವರನ್ನೂ ನೇಣಿಗೆ ಹಾಕಿದರು. ಗಲ್ಲು ಶಿಕ್ಷೆಯಾಗಿದ್ದ ಇನ್ನೊಬ್ಬರು, ಲಿಂಗ್, ಹಿಂದಿನ ದಿನವೇ ಜೈಲಿನಲ್ಲಿ ಪ್ರಾಣ ಕಳೆದುಕೊಂಡಿದ್ದರು.

ಗೊತ್ತಿಲ್ಲದ್ದನ್ನು ಗೊತ್ತು ಅಂತ ಸರ್ಕಾರವೇ ಹೇಳಿದ ಮೇಲೆ ಜನ ಯಾರನ್ನು ನಂಬಬೇಕು? ಕಥೆಗಳು ಹುಟ್ಟಿಕೊಂಡವು. ಸರ್ಕಾರವೇ ಬೇಡ ಅನ್ನುವ ಅರಾಜಕತಾವಾದಿಗಳ ಸಂಚು ಅಂದರು ಕೆಲವರು. ಮಾಲೀಕರು ಬಾಡಿಗೆಗೆ ಇಟ್ಟುಕೊಳ್ಳುತ್ತಿದ್ದ ಪಿಂಕರ್ಟನ್ ಪತ್ತೇದಾರರ ಕೈವಾಡ ಅಂದರು ಇನ್ನು ಕೆಲವರು. ಶ್ನೌಬೆಲ್ಟ್ ಅನ್ನುವವನನ್ನು ಪೊಲೀಸರು ಹಿಡಿದು ಬಿಟ್ಟುಬಿಟ್ಟಿದ್ದರು. ಅವನು ಊರು ಬಿಟ್ಟು ಹೋದ. ಅವನೇ ಎಸೆದದ್ದು ಅಂತ ಒಂದು ಕಡೆಯವರು, ಅವನು ಪೊಲೀಸರ ಮನುಷ್ಯ ಅಂತ ಇನ್ನೊಂದು ಕಡೆಯವರು. ಒಬ್ಬನೇ ಮನುಷ್ಯ, ಎರಡು ಕಥೆ! ಇವತ್ತೂ ಅಷ್ಟೇ ಅಲ್ವಾ? ಎಲ್ಲೋ ಒಂದು ಮೆರವಣಿಗೆಯಲ್ಲಿ ಕಲ್ಲು ಬೀಳುತ್ತದೆ. ಅರ್ಧ ಗಂಟೆಯಲ್ಲಿ ವಾಟ್ಸಾಪಿನಲ್ಲಿ ಹೆಸರು ಓಡಾಡುತ್ತದೆ. ದಯವಿಟ್ಟು ಆ ಹೆಸರನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರನ್ನು ಕೇಳಿ: ನೋಡಿದವರು ಯಾರು? ಎಲ್ಲಿ ನಿಂತು ನೋಡಿದರು? ಇಷ್ಟು ಕೇಳುವುದಕ್ಕೆ ನಮಗೇಕೆ ಅಷ್ಟು ಸಂಕೋಚ?

ಸಮಯ ಮುಗಿಯುತ್ತಾ ಬಂತು. ಷಿಕಾಗೋ ಇರುವ ಇಲಿನಾಯ್ ರಾಜ್ಯದ ರಾಜ್ಯಪಾಲ ಆಲ್ಟ್‌ಗೆಲ್ಡ್ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ. 1893ರಲ್ಲಿ ಅವರು ಕಡತವನ್ನೆಲ್ಲ ಓದಿದರು. ತೀರ್ಪುಗಾರರನ್ನು, ಅಂದರೆ ಜ್ಯೂರಿಯಲ್ಲಿ ಕೂತ ಸಾಮಾನ್ಯ ಜನರನ್ನು, ಆರಿಸಿದ ರೀತಿಯೇ ಸರಿಯಿಲ್ಲ, ಬಾಂಬ್ ಎಸೆದವನಿಗೂ ಇವರಿಗೂ ನಂಟಿತ್ತು ಅನ್ನುವುದಕ್ಕೆ ಪುರಾವೆಯಿಲ್ಲ ಅಂತ ಬರೆದು, ಜೈಲಿನಲ್ಲಿ ಉಳಿದಿದ್ದ ಮೂವರನ್ನು ಬಿಡುಗಡೆ ಮಾಡಿದರು. ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು. 1896ರ ಚುನಾವಣೆಯಲ್ಲಿ ಸೋತರು.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಪೊಲೀಸರ ನೆನಪಿಗೆ 1889ರಲ್ಲಿ ಒಂದು ಪ್ರತಿಮೆ ನಿಂತಿತ್ತು. ನೇಣಿಗೇರಿದವರ ಸಮಾಧಿಯ ಮೇಲೆ 1893ರಲ್ಲಿ ಇನ್ನೊಂದು ಸ್ಮಾರಕ ಬಂತು. ಪೊಲೀಸ್ ಪ್ರತಿಮೆಯನ್ನು 1969ರಲ್ಲೊಮ್ಮೆ, 1970ರಲ್ಲಿ ಮತ್ತೊಮ್ಮೆ ಬಾಂಬ್ ಇಟ್ಟು ಉರುಳಿಸಿದರು. ಕೊನೆಗೆ 2004ರಲ್ಲಿ, ಭಾಷಣ ನಡೆದ ಜಾಗದಲ್ಲೇ, ಗಾಡಿ ಮತ್ತು ಮಾತುಗಾರರ ಶಿಲ್ಪ ಇಟ್ಟರು. ಅದರ ಅನಾವರಣಕ್ಕೆ ಕಾರ್ಮಿಕ ಸಂಘದವರೂ ಬಂದಿದ್ದರು, ಪೊಲೀಸರ ಸಂಘದವರೂ ಬಂದಿದ್ದರು.

ನಮಸ್ಕಾರ.