ವಾಕಿಂಗ್ ಬಿಡಬೇಡಿ, ಜೊತೆಗೆ ಭಾರ ಎತ್ತಿ: ಹಿಂಜರಿಯೋರಿಗೆ ಮೊದಲ ಆರು ವಾರ

ನಮಸ್ಕಾರ. ಬೆಳಗ್ಗೆ ಆರೂವರೆಗೆ ಲಾಲ್‌ಬಾಗ್‌ಗೋ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೋ ಹೋದ್ರೆ, ವರ್ಷಗಟ್ಟಲೆಯಿಂದ ತಪ್ಪದೆ ನಡೆಯೋರು ಸಿಗ್ತಾರೆ. ಮಳೆ ಹನಿ ಬಿದ್ರೆ ಕೊಡೆ ಬಿಚ್ಚಿಕೊಂಡು ನಡೀತಾರೆ. ಇವರಿಗೆ ಶಿಸ್ತಿನ ಪಾಠ ಯಾರೂ ಹೇಳಬೇಕಿಲ್ಲ. ಆದ್ರೆ ಡಾಕ್ಟ್ರು "ಸ್ವಲ್ಪ ಸ್ಟ್ರೆಂತ್ ಟ್ರೇನಿಂಗೂ ಮಾಡಿ" ಅಂದ ತಕ್ಷಣ ಮುಖ ಸಪ್ಪಗಾಗುತ್ತೆ. ಮಂಡಿ ಸವೆಯುತ್ತೆ, ಬೆನ್ನು ಹಿಡ್ಕೊಳ್ಳುತ್ತೆ, ಈ ವಯಸ್ಸಲ್ಲಿ ಜಿಮ್ಮಾ, ನೋಡಿದೋರು ಏನಂದಾರು! ಈ ವಿಡಿಯೋ ಅವರಿಗೇ.

ಈ ಹಿಂಜರಿಕೆಯನ್ನ ಸೋಮಾರಿತನ ಅಂತ ಕರೆಯೋದು ಅನ್ಯಾಯ. ಎಷ್ಟೋ ಜನ ಹಿಂದೆ ಯಾವಾಗ್ಲೋ ಶುರು ಮಾಡಿ, ಮೊದಲ ದಿನವೇ ಐವತ್ತು ಬಸ್ಕಿ ಹೊಡೆದು, ಎರಡು ದಿನ ಮೆಟ್ಟಿಲು ಇಳಿಯೋಕಾಗದೆ ಗೋಡೆ ಹಿಡ್ಕೊಂಡು ಓಡಾಡಿರ್ತಾರೆ. ಆ ನೋವು ಮೈಯಲ್ಲಿ ನೆನಪಾಗಿ ಕೂತಿರುತ್ತೆ. ಹಾಗಾಗಿ ಇಲ್ಲಿ ಉತ್ಸಾಹ ತುಂಬೋದಕ್ಕಿಂತ ಡೋಸ್ ಸರಿ ಮಾಡೋ ಕೆಲಸ ಮುಖ್ಯ.

ಆ ನೋವು ಎಲ್ಲಿಂದ ಬರುತ್ತೆ? ಸ್ನಾಯು ಜೋರಾಗಿ ದುಡಿಯುವಾಗ ಹುಟ್ಟೋ ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನೋ ಮಾತು ಜಿಮ್‌ಗಳಲ್ಲಿ ಇನ್ನೂ ಓಡಾಡ್ತಿದೆ. ಅದು ತಪ್ಪು. ವ್ಯಾಯಾಮ ನಿಲ್ಲಿಸಿದ ಒಂದು ಗಂಟೆ ಆಸುಪಾಸಿನಲ್ಲಿ ರಕ್ತದ ಲ್ಯಾಕ್ಟೇಟ್, ಅಂದ್ರೆ ಅದೇ ಆಸಿಡ್‌ನ ರೂಪ, ಮೊದಲಿನ ಮಟ್ಟಕ್ಕೆ ಇಳಿದಿರುತ್ತೆ. ಮೈಕೈ ನೋವು ಹೆಚ್ಚಾಗೋದು 24ರಿಂದ 72 ಗಂಟೆ ಒಳಗೆ. ಅಭ್ಯಾಸವಿಲ್ಲದ ಸ್ನಾಯು ಹಿಗ್ಗುತ್ತಾ ಭಾರ ತಡೆದಾಗ, ಅಂದ್ರೆ ಕೆಳಗೆ ಇಳಿಯೋ ಹಂತದಲ್ಲಿ, ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತೆ. ಅದನ್ನ ರಿಪೇರಿ ಮಾಡುವಾಗಿನ ಉರಿಯೂತವೇ ಆ ನೋವು. ವಾಕಿಂಗ್‌ನಲ್ಲಿ ಪಳಗಿದ ಕಾಲಿಗೂ ಆಗುತ್ತೆ, ಯಾಕಂದ್ರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಗೆ ಆ ಥರದ ಕೆಲಸ ತೀರಾ ಕಡಿಮೆ.

ಇದರಲ್ಲೇ ನಮಗೆ ಅನುಕೂಲವಾದ ಒಂದು ವಿಷಯ ಇದೆ. ಹೊಸ ವ್ಯಾಯಾಮವನ್ನ ಮೊದಲು ಸ್ವಲ್ಪವೇ ಮಾಡಿದ್ರೂ, ಮುಂದಿನ ಸಲ ಅದೇ ವ್ಯಾಯಾಮಕ್ಕೆ ನೋವು ಗಣನೀಯವಾಗಿ ಕಮ್ಮಿಯಾಗುತ್ತೆ. ಲಸಿಕೆ ಕೆಲಸ ಮಾಡಿದ ಹಾಗೆ. ಈ ರಕ್ಷಣೆ ಕೆಲವು ವಾರ ಇರುತ್ತೆ. ಅದಕ್ಕೇ ಮೊದಲ ವಾರ ಒಂದೊಂದು ವ್ಯಾಯಾಮವೂ ಐದೇ ಸಲ. "ಇಷ್ಟೇನಾ?" ಅನ್ನಿಸಬೇಕು. ಅನ್ನಿಸಿದ್ರೂ ಐದಕ್ಕೇ ನಿಲ್ಲಿಸಿ.

ಅಷ್ಟಕ್ಕೂ ಇದು ಬೇಕಾ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳುತ್ತೆ. ಚುರುಕಾಗಿ ನಡೆಯೋರಿಗೆ ಅದು ಸಲೀಸು. ಅದರ ಜೊತೆಗೇ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅಂತಲೂ ಹೇಳುತ್ತೆ. ನಾವು ಮರೆಯೋದು ಆ ಎರಡನೇ ಭಾಗವನ್ನ. ವಯಸ್ಸಾಯ್ತು ಅನ್ನೋರಿಗೆ 1990ರ ಬೋಸ್ಟನ್ ಅಧ್ಯಯನ ಹೇಳಲೇಬೇಕು. ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವಯಸ್ಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದ್ರು. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಾಯ್ತು.

ಶುರು ಮಾಡೋ ಮುಂಚೆ ಒಂದು ಅಳತೆ ತಗೊಳ್ಳಿ. 43 ಸೆಂಟಿಮೀಟರ್, ಅಂದ್ರೆ ಹದಿನೇಳು ಇಂಚು ಎತ್ತರದ ಕುರ್ಚಿ, ಗೋಡೆಗೆ ಆನಿಸಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತೆ. ಕೈ ಎದೆ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ತೀರಿ ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದ್ರೆ ಸರಾಸರಿಗಿಂತ ಹಿಂದೆ ಅಂತ ಲೆಕ್ಕ. 70ರಿಂದ 74ಕ್ಕೆ ಅದೇ ಅಂಕಿ 10 ಮತ್ತು 12. ಬಂದದ್ದನ್ನ ಕ್ಯಾಲೆಂಡರ್ ಮೇಲೆ ಬರೆದಿಡಿ.

ಮೊದಲ ವ್ಯಾಯಾಮವೂ ಇದೇ ಕುರ್ಚಿಯದ್ದು, ಆದ್ರೆ ನಿಧಾನಕ್ಕೆ. ಈಗ ಪಾದ ನೋಡಿ: ಭುಜದಷ್ಟು ಅಗಲ, ಬೆರಳುಗಳು ಸ್ವಲ್ಪ ಹೊರಗೆ, ಹಿಮ್ಮಡಿ ಮಂಡಿಗಿಂತ ಒಂದೆರಡು ಇಂಚು ಹಿಂದೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರೋವರೆಗೆ ಮುಂದೆ ಬಾಗಿ, ಉಸಿರು ಬಿಡ್ತಾ ಎದ್ದೇಳಿ. ಕೂರುವಾಗ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಿ. ಜೋರಾಗಿ ಯಾಕೆ? ಬಾಯಲ್ಲಿ ಎಣಿಸ್ತಾ ಉಸಿರು ಬಿಗಿಹಿಡಿಯೋಕೆ ಆಗಲ್ಲ. ಉಸಿರು ಬಿಗಿಹಿಡಿದು ತಿಣುಕಿದ್ರೆ ಬಿಪಿ ಆ ಕ್ಷಣಕ್ಕೆ ಸರ್‍ರನೆ ಏರುತ್ತೆ.

ಕೆಡೋ ಜಾಗ ಯಾವುದು ಅಂತ ಹತ್ತಿರದಿಂದ ನೋಡೋಣ. ಕೊನೆಯ ನಾಲ್ಕು ಇಂಚಿನಲ್ಲಿ ದೊಪ್ಪಂತ ಬೀಳೋದು ಎಲ್ಲರೂ ಮಾಡೋ ತಪ್ಪು. ಅಲ್ಲೇ ತೊಡೆಗೆ ಕೆಲಸ ಜಾಸ್ತಿ, ಅಲ್ಲೇ ಅದು ಕೈಬಿಡುತ್ತೆ. ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ವಾರ ಕಳೆದ ಮೇಲೆ ತೆಗೀರಿ. ಏಳುವಾಗ ಮಂಡಿ ಎರಡೂ ಒಳಗೆ ಬಂದ್ರೆ, ಮಂಡಿಗಿಂತ ಸ್ವಲ್ಪ ಮೇಲೆ ತೊಡೆಗಳ ಸುತ್ತ ಒಂದು ದುಪಟ್ಟಾ ಕಟ್ಟಿ, ಅದನ್ನ ಹೊರಕ್ಕೆ ತಳ್ತಾ ಏಳಿ. ಸೊಂಟದ ಪಕ್ಕದ ಸ್ನಾಯು ಎಚ್ಚೆತ್ತು ಮಂಡಿ ನೇರಕ್ಕೆ ಬರುತ್ತೆ. ಹಿಮ್ಮಡಿ ನೆಲ ಬಿಟ್ರೆ ಪಾದ ಒಂದಿಂಚು ಮುಂದಿಡಿ. ಸೀರೆ ಉಟ್ಟೋರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ, ಪಾದ ಕಾಣಲೇಬೇಕು.

ಎರಡನೆಯದು ಸೊಂಟ ಬಗ್ಗಿಸೋದು. ಬೆನ್ನುನೋವಿನ ಭಯ ಇರೋರಿಗೆ ಇದಕ್ಕಿಂತ ಉಪಯೋಗದ ಪಾಠ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಲ್ಲಿ. ಒರೆಸೋ ಮಾಪಿನ ಕೋಲನ್ನ ಬೆನ್ನ ಉದ್ದಕ್ಕೂ ಹಿಡೀರಿ. ಅದು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಭುಜಗಳ ನಡುವೆ, ಸೊಂಟದ ಕೆಳಗಿನ ಮೂಳೆ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹಿಂಭಾಗ ಗೋಡೆಗೆ ತಾಗೋವರೆಗೆ ಸೊಂಟವನ್ನ ಹಿಂದಕ್ಕೆ ತಳ್ಳಿ. ತೊಡೆಯ ಹಿಂದೆ ಎಳೆತ ಬಂದ್ರೆ ಸರಿ. ಸೊಂಟದ ಕೆಳಗಿನ ಮೂಳೆಯನ್ನ ಬಿಟ್ಟು ಕೋಲು ದೂರ ಹೋದ್ರೆ ಬೆನ್ನು ಗೂನಾಗಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಕೆಳಗೆ ಹೋಗಬೇಡಿ. ಎರಡು ವಾರ ಬರೀ ಕೋಲು. ಮೂರನೇ ವಾರದಿಂದ ಬಟ್ಟೆ ಚೀಲದಲ್ಲಿ ಐದು ಕೆಜಿ ಅಕ್ಕಿ, ಚೀಲ ತೊಡೆಗೆ ಉಜ್ಜಿಕೊಂಡೇ ಇಳೀಬೇಕು. ಮೈಯಿಂದ ಒಂದಡಿ ಮುಂದೆ ಹೋದ್ರೆ ಅದೇ ಐದು ಕೆಜಿ ಬೆನ್ನಿಗೆ ಬಹಳ ಜಾಸ್ತಿ ಭಾರ ಹಾಕುತ್ತೆ.

ಉಳಿದ ಎರಡು ಸುಲಭ. ಎದೆ ಎತ್ತರಕ್ಕೆ ಗೋಡೆಗೆ ಕೈ ಇಟ್ಟು ಪುಶ್ ಅಪ್, ಮೊಣಕೈ ಪಕ್ಕಕ್ಕೆ ಅಗಲಿಸದೆ ಓರೆಯಾಗಿ ಹಿಂದಕ್ಕೆ; ಗೋಡೆ ಸಲೀಸಾದ ಮೇಲೆ ಅಡುಗೆಮನೆ ಕಟ್ಟೆ. ಆಮೇಲೆ ಬಕೆಟ್. ಐದು ಲೀಟರ್ ನೀರು ಅಂದ್ರೆ ಐದು ಕೆಜಿ. ಒಂದೇ ಕೈಯಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ, ಕೈ ಬದಲಾಯಿಸಿ ವಾಪಸ್. ಬಕೆಟ್ ಇರೋ ಕಡೆಗೂ ವಾಲಬಾರದು, ಎದುರು ಕಡೆಗೂ ವಾಲಬಾರದು. ನೆಲ ಒಣಗಿರಲಿ.

ಲೆಕ್ಕ ಹೀಗೆ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಇಟ್ಕೊಳ್ಳಿ. ವಾಕಿಂಗ್ ಮುಗಿಸಿ ಮನೆಗೆ ಬಂದ ತಕ್ಷಣ, ಮೈ ಬಿಸಿ ಇರುವಾಗಲೇ. ಆ ದಿನ ವಾಕಿಂಗ್ ಹತ್ತು ನಿಮಿಷ ಕಡಿಮೆ ಮಾಡಿ, ಬಿಡಬೇಡಿ. ಹಳೆಯದನ್ನ ಬಿಡಬೇಕೇನೋ ಅನ್ನೋ ಅಳುಕು ಇದರಿಂದ ಹೋಗುತ್ತೆ. ಮೊದಲ ವಾರ ಒಂದು ಸೆಟ್, ಅಂದ್ರೆ ಒಂದೇ ಸುತ್ತು, ಐದು ಸಲ. ಎರಡನೇ ವಾರ ಎಂಟು ಸಲ. ಮೂರು, ನಾಲ್ಕನೇ ವಾರ ಎರಡು ಸೆಟ್, ಆರಾರು ಸಲ. ಐದು, ಆರನೇ ವಾರ ಎರಡು ಸೆಟ್, ಎಂಟೆಂಟು. ಎಲ್ಲ ಸೆಟ್‌ನಲ್ಲೂ "ಇನ್ನೂ ಮೂರು ಮಾಡಬಲ್ಲೆ" ಅನ್ನುವಾಗಲೇ ನಿಲ್ಲಿಸಿ.

ಮಂಡಿ ವಿಷಯ. ಮಂಡಿ ಸವೆತ ಇರೋರಿಗೂ ತೊಡೆ ಬಲಪಡಿಸೋ ವ್ಯಾಯಾಮವೇ ಮೊದಲ ಸಾಲಿನ ಚಿಕಿತ್ಸೆ. ನೋವನ್ನ ಹತ್ತಕ್ಕೆ ಅಂಕ ಕೊಡಿ. ಮೂರರವರೆಗೆ ಇದ್ದು, ಮರುದಿನಕ್ಕೆ ಮೊದಲಿನಂತಾದ್ರೆ ಮುಂದುವರಿಸಿ. ಜಾಸ್ತಿಯಾದ್ರೆ ದಿಂಬು ವಾಪಸ್ ಹಾಕಿ. ಮಂಡಿ ಊದಿದ್ರೆ ನಿಲ್ಲಿಸಿ ತೋರಿಸಿ. ಇನ್ನು ಗಂಡಸರ ಥರ ತೋಳು ಬರುತ್ತೆ ಅನ್ನೋ ಹೆಂಗಸರ ಭಯಕ್ಕೆ ಆಧಾರವಿಲ್ಲ. ಸ್ನಾಯು ಬೆಳೆಸೋ ಹಾರ್ಮೋನ್ ಟೆಸ್ಟೋಸ್ಟೆರಾನ್ ಹೆಂಗಸರಲ್ಲಿ ಗಂಡಸರಲ್ಲಿರೋದರ ಹತ್ತರಲ್ಲೊಂದು ಪಾಲೂ ಇರಲ್ಲ.

ಪಾರ್ಕಿನ ಓಪನ್ ಜಿಮ್ ಇದೆಯಲ್ಲ ಅಂತೀರೇನೋ. ಕಾಲು ತೂಗಾಡಿಸೋ ಯಂತ್ರ ಕೀಲು ಸಡಿಲ ಮಾಡೋಕೆ ಚೆನ್ನಾಗಿದೆ, ಆದ್ರೆ ಭಾರ ಹೆಚ್ಚಿಸೋಕೆ ದಾರಿ ಇಲ್ಲ, ಹಾಗಾಗಿ ಬಲ ಒಂದು ಹಂತಕ್ಕೆ ನಿಂತುಬಿಡುತ್ತೆ. ನಿಂತು ಸೊಂಟ ತಿರುಗಿಸೋ ತಟ್ಟೆಯನ್ನ ಡಿಸ್ಕ್ ತೊಂದರೆ ಇರೋರು ಮುಟ್ಟಲೇಬಾರದು. ಒಳಾಂಗಣ ಜಿಮ್‌ಗೆ ಹೋಗೋ ಮನಸ್ಸಿದ್ರೆ ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ, ಅಷ್ಟು ಹೊತ್ತಿಗೆ ಖಾಲಿ ಇರುತ್ತೆ. ವರ್ಷದ ಫೀಸ್ ಮೊದಲೇ ಕಟ್ಟಬೇಡಿ. "ಮೂರೇ ವ್ಯಾಯಾಮ ಹೇಳಿಕೊಡಿ" ಅಂತ ಕೇಳಿ.

ಕೆಲವರು ಡಾಕ್ಟರನ್ನ ಕೇಳದೆ ಶುರು ಮಾಡಬಾರದು: ನಡೆಯುವಾಗ ಎದೆ ನೋಯೋರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ ಹತೋಟಿಗೆ ಬಾರದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾಗೆ ತೊಂದರೆಯಾದವರು. ಇನ್ಸುಲಿನ್ ತಗೊಳ್ಳೋರು ಮೊದಲು ಶುಗರ್ ನೋಡಿಕೊಳ್ಳಿ, 100ಕ್ಕಿಂತ ಕಡಿಮೆ ಇದ್ರೆ ಒಂದು ಬಾಳೆಹಣ್ಣು ತಿಂದು ಶುರು ಮಾಡಿ. ಯಾರಿಗೇ ಆಗಲಿ, ವ್ಯಾಯಾಮದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಅತಿಯಾಗಿ ಒಡೆದು ಕಿಡ್ನಿಗೆ ಹೊರೆಯಾಗ್ತಿರೋ ಲಕ್ಷಣ ಅದು.

ಆರು ವಾರ ಮುಗಿದ ಮೇಲೆ ಅದೇ ಕುರ್ಚಿ, ಅದೇ 30 ಸೆಕೆಂಡು, ಮತ್ತೆ ಎಣಿಸಿ. ಮಧ್ಯದಲ್ಲಿ ಜ್ವರವೋ, ಮದುವೆ ಓಡಾಟವೋ ಬಂದು ಎರಡು ವಾರ ತಪ್ಪಿದ್ರೆ, ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಎರಡು ಸೆಟ್ ಎಂಟರಲ್ಲಿದ್ದೋರು ಒಂದು ಸೆಟ್ ಎಂಟಕ್ಕೆ ಇಳೀರಿ, ಅಕ್ಕಿ ಚೀಲವನ್ನ ಅರ್ಧ ಖಾಲಿ ಮಾಡಿ, ಒಂದು ವಾರ ಕಳೆದ ಮೇಲೆ ಹಳೇ ಲೆಕ್ಕಕ್ಕೆ ಬನ್ನಿ.